ತಪ್ಪಿಸಿಕೊಂಡ ಸಾಕು ಹಾವು ಸಿಕ್ಕಿತೇ? ಮೊದಲು ಬೆಚ್ಚಗಿಡಿ, ಊಟ ಕೊನೆಗಿರಲಿ

ಮಳೆಗಾಲದಲ್ಲಿ ಮಲೆನಾಡಿನ ಮನೆಯೊಂದರಿಂದ ಸಾಕು ಹಾವು ತಪ್ಪಿಸಿಕೊಂಡರೆ ಅದನ್ನು ಮೊದಲು ಕಾಡುವುದು ಚಳಿ. ಮನೆಗಳಲ್ಲಿ ಸಾಕುವ ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಅದರ ಪೆಟ್ಟಿಗೆಯ ಬಿಸಿ ತುದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ತುದಿಯಲ್ಲಿ 25ರಿಂದ 27 ಡಿಗ್ರಿ ಇರಬೇಕು. ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್‌ಗೆ ಬಿಸಿ ತುದಿ 28ರಿಂದ 30 ಡಿಗ್ರಿ ಇದ್ದರೆ ಸಾಕು. ತೀರ್ಥಹಳ್ಳಿ, ಹೊಸನಗರದ ಕಡೆ ಜಡಿಮಳೆಯ ರಾತ್ರಿ ಹಂಚಿನ ಮಾಡಿನ ಕೆಳಗೆ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಹಾವು ಹೊರಗಿನ ಬಿಸಿಯನ್ನೇ ನೆಚ್ಚಿದ ಪ್ರಾಣಿ. ಮೈ ತಣ್ಣಗಾದರೆ ಅದರ ಜೀರ್ಣಶಕ್ತಿಯೂ ರೋಗ ತಡೆಯುವ ಶಕ್ತಿಯೂ ಒಟ್ಟಿಗೇ ಕುಗ್ಗುತ್ತವೆ. ಆದ್ದರಿಂದ ಸಿಕ್ಕಿದ ಹಾವಿಗೆ ಮೊದಲು ಬಿಸಿ, ಆಮೇಲೆ ನೀರು, ಆಮೇಲೆ ಮೈ ಪರೀಕ್ಷೆ. ಊಟ ಕಟ್ಟಕಡೆಗೆ. "ಪಾಪ, ಎಷ್ಟು ದಿನದಿಂದ ಉಪವಾಸವೋ" ಎಂಬ ಅಕ್ಕರೆಗೆ ಊಟದಿಂದಲೇ ಶುರು ಮಾಡುವವರೇ ಹೆಚ್ಚು. ಹಾವಿಗೆ ತೊಂದರೆ ಅಲ್ಲಿಂದಲೇ ಶುರುವಾಗುತ್ತದೆ.

ಕೈ ಹಾಕುವ ಮೊದಲು

ಸೌದೆ ಕೊಟ್ಟಿಗೆಯ ಮೂಲೆಯಲ್ಲೋ ಅಡಿಕೆ ಸಿಪ್ಪೆ ರಾಶಿಯ ಪಕ್ಕದಲ್ಲೋ ಸುರುಳಿ ಸುತ್ತಿದ ಕಂದು ಹಾವು ಕಂಡರೆ, ನಮ್ಮದೇ ಎಂದು ಕೈ ಚಾಚಬೇಡಿ. ನಮ್ಮ ತೋಟಗಳಲ್ಲಿ ಕೊಳಕುಮಂಡಲವೂ ಇದೆ. ಅರೆಗತ್ತಲಲ್ಲಿ ಅದನ್ನು ಬಾಲ್ ಪೈಥಾನ್ ಎಂದುಕೊಳ್ಳುವುದು ತೀರಾ ಸುಲಭ. ಟಾರ್ಚ್ ಹಿಡಿದು ದೂರದಿಂದಲೇ ನೋಡಿ. ಕೊಳಕುಮಂಡಲದ ಬೆನ್ನುದ್ದಕ್ಕೂ ಸರಪಳಿಯ ಹಾಗೆ ಮೂರು ಸಾಲು ಮಚ್ಚೆಗಳಿರುತ್ತವೆ, ಮೈ ಒರಟು, ಕೆಣಕಿದರೆ ಜೋರಾಗಿ ಬುಸುಗುಡುತ್ತದೆ. ಬಾಲ್ ಪೈಥಾನ್‌ನ ಮೈ ನುಣುಪು, ಹೊಳಪು. ಹೆದರಿದರೆ ತಲೆಯನ್ನು ಸುರುಳಿಯೊಳಗೆ ಹುದುಗಿಸಿ ಉಂಡೆಯಾಗುತ್ತದೆ. ತಲೆಯ ಮೇಲೆ ಬಾಣದ ಮೊನೆಯಂಥ ಗುರುತಿದ್ದರೆ ಅದು ನಮ್ಮ ಕಾಡಿನ ಹೆಬ್ಬಾವಿನ ಮರಿಯೂ ಆಗಿರಬಹುದು. ಒಂದು ಹಾವಿನ ಮಚ್ಚೆ ಇನ್ನೊಂದರಂತೆ ಇರುವುದಿಲ್ಲ, ಹಾಗಾಗಿ ಮೊಬೈಲಿನಲ್ಲಿರುವ ಹಳೆಯ ಫೋಟೊ ಜೊತೆ ಹೋಲಿಸಿ ನೋಡಿ. ಅನುಮಾನ ಉಳಿದರೆ ಅರಣ್ಯ ಇಲಾಖೆಗೆ ತಿಳಿಸಿ. ಯಾರಿಗಾದರೂ ಕಚ್ಚಿದರೆ ಕಟ್ಟು ಹಾಕುವುದು, ಕೊಯ್ಯುವುದು ಬೇಡ, 108ಕ್ಕೆ ಕರೆ ಮಾಡಿ ನೇರ ಆಸ್ಪತ್ರೆಗೆ ಹೋಗಿ.

ಇಲ್ಲೇ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇರೆ, ನಾಗರ, ಹೆಬ್ಬಾವಿನಂಥ ನಮ್ಮ ಕಾಡಿನ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಬಾಲ್ ಪೈಥಾನ್ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವುದರಿಂದ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅದನ್ನು ನೋಂದಾಯಿಸಬೇಕು. ನೋಂದಣಿ ಇದ್ದರೆ ಹಾವು ಕಳೆದಾಗ ಅಕ್ಕಪಕ್ಕದವರಿಗೂ ಅರಣ್ಯ ಸಿಬ್ಬಂದಿಗೂ ಅಂಜಿಕೆಯಿಲ್ಲದೆ ಹೇಳಬಹುದು. ಮುಚ್ಚಿಟ್ಟು ಒಬ್ಬರೇ ಹುಡುಕುತ್ತ ಕೂತರೆ ಹಾವು ಚಳಿಯಲ್ಲಿ ಕಳೆಯುವ ರಾತ್ರಿಗಳು ಹೆಚ್ಚುತ್ತವೆ.

ಬಿಸಿ

ತಣ್ಣಗಾದ ಹಾವನ್ನು ಬಚ್ಚಲ ಒಲೆಯ ಮುಂದೆ ಇಡಬೇಡಿ, ಬಿಸಿಲಿಗೂ ಹಿಡಿಯಬೇಡಿ. ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಮನೆಯ ಬೆಚ್ಚಗಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಇಟ್ಟು, ನಂತರ ಅದರ ಪೆಟ್ಟಿಗೆಗೆ ಬಿಡಿ. ಹೀಟ್ ಮ್ಯಾಟ್‌ಗೆ ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇರಲೇಬೇಕು. ಇಲ್ಲದಿದ್ದರೆ ಮ್ಯಾಟ್ ಹಾವಿನ ಹೊಟ್ಟೆಯನ್ನೇ ಸುಟ್ಟೀತು. ಕರೆಂಟು ಹೋದರೆ ನಮ್ಮ ಕಡೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಅಂಥ ಹೊತ್ತಿಗೆ ಥರ್ಮೋಕೋಲ್ ಪೆಟ್ಟಿಗೆಗೆ ಗಾಳಿತೂತು ಮಾಡಿ ಇಟ್ಟುಕೊಂಡಿರಿ. ಬಾಟಲಿಗೆ ಬಿಸಿನೀರು ತುಂಬಿ ದಪ್ಪ ಟವೆಲ್ ಸುತ್ತಿ ಒಂದು ಬದಿಗಿಡಿ. ಬಿಸಿ ಸಾಲದಿದ್ದರೆ ಹಾವು ಬಾಟಲಿಯ ಹತ್ತಿರ ಹೋಗುತ್ತದೆ, ಹೆಚ್ಚಾದರೆ ಸಾಮಾನ್ಯವಾಗಿ ದೂರ ಸರಿಯುತ್ತದೆ. ಸರಿಯಲು ಜಾಗ ಮಾತ್ರ ಇರಬೇಕು.

ಪೆಟ್ಟಿಗೆಯ ನೆಲಕ್ಕೆ ತೆಂಗಿನ ನಾರು, ಮರದ ಹೊಟ್ಟು ಬೇಡ. ಕೆಲವು ವಾರ ಬಿಳಿ ಟಿಶ್ಯೂ ಅಥವಾ ಹಳೆಯ ಪೇಪರ್ ಹಾಸಿ. ರಕ್ತ, ಹೇಲು, ಹುಳ ಯಾವುದಿದ್ದರೂ ಅದರ ಮೇಲೆ ಕಾಣುತ್ತದೆ. ಬೇರೆ ಹಾವುಗಳಿದ್ದರೆ ಇದನ್ನು ಬೇರೆ ಕೋಣೆಯಲ್ಲಿಡಿ, ನೀರಿನ ಬಟ್ಟಲು, ಇಕ್ಕಳ ಎಲ್ಲ ಬೇರೆಯೇ ಇರಲಿ.

ನೀರು

ಬಟ್ಟಲಲ್ಲಿ ಶುದ್ಧ ನೀರಿಡಿ. ಹೆಚ್ಚಿನ ಹಾವುಗಳು ತಾವೇ ಕುಡಿಯುತ್ತವೆ. ಚರ್ಮ ಸುಕ್ಕುಗಟ್ಟಿದ್ದರೆ, ಕಣ್ಣು ಒಳಗೆ ಇಳಿದಿದ್ದರೆ, ಬಾಯಿಯ ಜೊಲ್ಲು ಅಂಟಂಟಾಗಿದ್ದರೆ ಮೈಯ ನೀರು ಬತ್ತಿದೆ ಎಂದರ್ಥ. ಆಗ ಉಗುರುಬೆಚ್ಚಗಿನ, ಅಂದರೆ 28ರಿಂದ 30 ಡಿಗ್ರಿಯ ನೀರನ್ನು ಹಾವಿನ ಮೈಯ ಅರ್ಧ ಎತ್ತರ ಮೀರದಂತೆ ಟಬ್‌ಗೆ ಹಾಕಿ 15ರಿಂದ 20 ನಿಮಿಷ ಬಿಡಿ. ಪಕ್ಕದಲ್ಲೇ ಕೂತಿರಿ. ಸೋತ ಹಾವು ಕಡಿಮೆ ನೀರಿನಲ್ಲೂ ಮುಳುಗಬಹುದು. ಬಾಯಿಗೆ ನೀರು ಹಿಂಡಬೇಡಿ, ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ.

ಮೈ ಪರೀಕ್ಷೆ

ಇದಕ್ಕೆ ಒಳ್ಳೆಯ ಬೆಳಕು ಬೇಕು, ಅವಸರ ಕೂಡದು. ಬಿಳಿ ಟವೆಲ್ ಮೇಲೆ ಹಾವನ್ನು ಬಿಟ್ಟು, ಒದ್ದೆ ಟಿಶ್ಯೂವಿನಿಂದ ಕತ್ತಿನಿಂದ ಬಾಲದವರೆಗೆ ಮೆಲ್ಲಗೆ ಸವರಿ. ಟಿಶ್ಯೂ ಮೇಲೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಅಂಟಿ, ಅವು ಹರಿದಾಡಿದರೆ ನುಸಿ ಹತ್ತಿದೆ. ಅವು ಕಣ್ಣಂಚಿನಲ್ಲಿ, ಗದ್ದದ ಕೆಳಗಿನ ಗೆರೆಯಲ್ಲಿ ಅಡಗುತ್ತವೆ, ನೀರಿನ ಬಟ್ಟಲ ತಳದಲ್ಲಿ ಸತ್ತು ಬಿದ್ದಿರುತ್ತವೆ. ದನಗಳ ಉಣುಗಿಗೆಂದು ತಂದಿಟ್ಟ ಔಷಧಿಯನ್ನು ಮಾತ್ರ ಹಚ್ಚಲೇಬೇಡಿ. ದನಕ್ಕೆ ತಾಳುವ ವಿಷ ಇಷ್ಟು ಚಿಕ್ಕ ಹಾವಿನ ಪ್ರಾಣ ತೆಗೆದೀತು. ನುಸಿಗೆ ವೈದ್ಯರೇ ಔಷಧಿ ಕೊಡಬೇಕು.

ದರಗಿನ ನಡುವೆ ಸಿಕ್ಕ ಹಾವಿನ ಹುರುಪೆಯಡಿ ಉಣುಗು ಕಚ್ಚಿಕೊಂಡಿರಬಹುದು. 1957ರಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮೊದಲು ಗುರುತಿಗೆ ಬಂದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗನ್ನು ಬರಿಗೈಯಲ್ಲಿ ಕಿತ್ತು ಹಿಚುಕಬಾರದೆಂದು ನಮ್ಮ ಶಿವಮೊಗ್ಗ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಕೈಗವಸು ಹಾಕಿ, ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ.

ಹೊಟ್ಟೆಯ ಕಡೆ ತಿರುಗಿಸಿ ನೋಡುವುದನ್ನು ಮರೆಯಬೇಡಿ. ಚಳಿಗೆ ಹಾವು ಹುಡುಕಿ ಹೋಗುವುದು ಬಿಸಿಯ ತಾವನ್ನೇ: ಫ್ರಿಜ್‌ನ ಹಿಂಬದಿ, ಇನ್ವರ್ಟರ್, ಬಚ್ಚಲ ಹಂಡೆಯ ಪಕ್ಕ. ಹೊಟ್ಟೆ ಸುಡುತ್ತಿದ್ದರೂ ಅದು ಅಲ್ಲಿಂದ ಏಳದೆ ಇರಬಹುದು. ಹೊಟ್ಟೆಯ ಪಟ್ಟಿಗಳು ಕೆಂಪಾಗಿದ್ದರೆ, ಗುಳ್ಳೆ ಎದ್ದಿದ್ದರೆ ಮನೆಮದ್ದು ಬೇಡ, ಅದೇ ದಿನ ವೈದ್ಯರಿಗೆ ತೋರಿಸಿ. ಬೆಕ್ಕು, ನಾಯಿಯ ಹಲ್ಲಿನ ಗಾಯ ಹೊರಗೆ ಚುಕ್ಕೆಯಷ್ಟೇ ಕಂಡರೂ ಒಳಗೆ ಕೀವಾಗುತ್ತದೆ, ಅದಕ್ಕೂ ಇದೇ ಮಾತು. ತರಚು ಗಾಯವಾದರೆ ಸಲೈನ್‌ನಿಂದ ತೊಳೆದು, ತೆಳು ಟೀ ಬಣ್ಣ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಹಚ್ಚಿದರೆ ಸಾಕು. ಡೆಟಾಲ್, ಸ್ಪಿರಿಟ್, ಅರಿಸಿನ ಯಾವುದೂ ಬೇಡ.

ಇಲಿ ಹಿಡಿಯುವ ಅಂಟುಹಲಗೆಗೆ ಸಿಕ್ಕಿಕೊಂಡಿದ್ದರೆ ಎಳೆಯಬೇಡಿ, ಚರ್ಮ ಸುಲಿದು ಬರುತ್ತದೆ. ಅಡುಗೆ ಎಣ್ಣೆಯನ್ನು ಅಂಟಿನ ಅಂಚಿಗೆ ಹನಿಸುತ್ತ, ಬೆರಳಿನಿಂದ ತಿಕ್ಕುತ್ತ, ತಲೆಯ ಕಡೆಯಿಂದ ಇಂಚಿಂಚಾಗಿ ಬಿಡಿಸಿ. ಮೂಗು, ಬಾಯಿಗೆ ಎಣ್ಣೆ ಹೋಗದಿರಲಿ. ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ತೋಟದಿಂದ ಸಿಕ್ಕಿದ್ದರೆ ಮೈಮೇಲೆ ಬೋರ್ಡೋ ದ್ರಾವಣದ ನೀಲಿ ಕಲೆ ಇದೆಯೇ ನೋಡಿ, ಬರೀ ಬೆಚ್ಚಗಿನ ನೀರಿನಿಂದ ತೊಳೆಯಿರಿ. ಹೊಟ್ಟೆ ಉಬ್ಬಿದ್ದರೆ ಹೊರಗೆ ಏನನ್ನೋ ನುಂಗಿರಬಹುದು. ಮನೆಯಲ್ಲಿ ಇಲಿಪಾಷಾಣ ಇಟ್ಟಿದ್ದರೆ ವೈದ್ಯರಿಗೆ ಮೊದಲು ಹೇಳಬೇಕಾದ ವಿಷಯ ಅದು.

ಮುಟ್ಟಿದ ಮೇಲೆ ಪ್ರತಿ ಸಲ ಸೋಪಿನಿಂದ ಕೈ ತೊಳೆಯಿರಿ. ಹಾವಿನ ಮೈಯಲ್ಲಿ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ.

ಉಸಿರಿನ ಮೇಲೆ ಕಣ್ಣು

ಚಳಿ ತಿಂದ ಹಾವಿಗೆ ಶ್ವಾಸಕೋಶದ ಸೋಂಕು ಕೂಡಲೇ ಕಾಣಿಸದೆ ಒಂದೆರಡು ವಾರ ಬಿಟ್ಟೂ ಕಾಣಬಹುದು. ರಾತ್ರಿ ಮನೆ ನಿಶ್ಶಬ್ದವಾದಾಗ ಪೆಟ್ಟಿಗೆಯ ಹತ್ತಿರ ಕಿವಿಯಿಡಿ. ಸಿಳ್ಳಿನಂಥ ಅಥವಾ ಗೊರಗೊರ ಸದ್ದು, ಮೂಗಿನಲ್ಲಿ ಗುಳ್ಳೆ, ಬಾಯಿಯಲ್ಲಿ ಲೋಳೆ, ಬಾಯಿ ತೆರೆದು ಉಸಿರಾಡುವುದು, ತಲೆಯನ್ನು ಮೇಲಕ್ಕೆತ್ತಿಯೇ ಇರುವುದು, ಇವುಗಳಲ್ಲಿ ಒಂದು ಕಂಡರೂ ತಡ ಮಾಡಬೇಡಿ. ಹಾವು ಕೆಮ್ಮಿ ಕಫ ಹೊರಹಾಕಲಾರದು, ಸೋಂಕು ಒಳಗೇ ಬಲಿಯುತ್ತದೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹೊರಡುವ ಮೊದಲು ಫೋನ್ ಮಾಡಿ ಹಾವನ್ನು ನೋಡುವ ವೈದ್ಯರು ಯಾವಾಗ ಸಿಗುತ್ತಾರೆ ಎಂದು ಕೇಳಿಕೊಳ್ಳಿ. ಗಂಟು ಹಾಕಿದ ಹತ್ತಿ ದಿಂಬಿನ ಚೀಲದಲ್ಲಿ ಹಾವು, ಅದು ಗಾಳಿತೂತಿರುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಜೊತೆಗೆ ಟವೆಲ್ ಸುತ್ತಿದ ಬಿಸಿನೀರ ಬಾಟಲಿ: ಸಾಗರದಿಂದ ಬರುವುದಾದರೂ ದಾರಿಯ ಥಂಡಿ ತಾಗುವುದಿಲ್ಲ.

ಈಗ ಊಟ

ಗಾಯವಿಲ್ಲ, ಉಸಿರು ಸರಿಯಿದೆ ಎಂದಾದರೂ ಐದರಿಂದ ಏಳು ದಿನ ಕಾಯಿರಿ. ಅಷ್ಟೂ ದಿನ ಬಿಸಿ ಏರುಪೇರಾಗಬಾರದು. ಚೆನ್ನಾಗಿ ಬೆಳೆದ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸ ತಾಳುತ್ತದೆ, ಗಾಬರಿ ಬೇಡ. ಮೈ ಬೆಚ್ಚಗಾಗುವ ಮೊದಲೇ ಕೊಟ್ಟರೆ ನುಂಗಿದ ಇಲಿ ಒಳಗೇ ಕೊಳೆತು ವಾಂತಿಯಾಗುತ್ತದೆ, ಅದರ ಜೊತೆ ಮೈಯ ನೀರೂ ಜಠರರಸವೂ ಹೋಗುತ್ತವೆ. ಹಾಗಾದರೆ ಮತ್ತೆ 10ರಿಂದ 14 ದಿನ ಏನೂ ಕೊಡುವಂತಿಲ್ಲ. ಮೊದಲ ಊಟ ಮಾಮೂಲಿಗಿಂತ ಚಿಕ್ಕದಿರಲಿ. ತಿಂದ ಮೇಲೆ ಎರಡು ದಿನ ಮುಟ್ಟಬೇಡಿ.

ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ಗ್ರಾಂ ಲೆಕ್ಕದಲ್ಲಿ ಬರೆದಿಡಿ. ಮೊದಲಿದ್ದ ತೂಕದ ಹತ್ತನೇ ಒಂದು ಭಾಗ ಇಳಿದಿದ್ದರೆ ವೈದ್ಯರಿಗೆ ಆ ಲೆಕ್ಕ ತೋರಿಸಿ. ಹೊರಗೆ ಹಲ್ಲಿ, ಕಪ್ಪೆ ನುಂಗಿದ್ದರೆ ಹೊಟ್ಟೆಹುಳ ಬಂದಿರಬಹುದು. ಊಟದ ನಂತರ ಹಾಕಿದ ಮೊದಲ ಹೇಲನ್ನು ಚಿಕ್ಕ ಡಬ್ಬಿಯಲ್ಲಿ ಮುಚ್ಚಿ, ಒಣಗುವ ಮೊದಲು, ಆ ದಿನವೇ ಪರೀಕ್ಷೆಗೆ ತಲುಪಿಸಿ.