ಸ್ಟೋಮಾದೊಂದಿಗೆ ಬದುಕಲು ಮನಸ್ಸನ್ನು ಅಣಿಗೊಳಿಸುವ ಬಗೆ

ಕ್ಯಾನ್ಸರ್ ತಗುಲಿದ ಕರುಳನ್ನೋ ಮೂತ್ರಕೋಶವನ್ನೋ ತೆಗೆದು, ಮಲಮೂತ್ರ ಹೊರಹೋಗಲು ಹೊಟ್ಟೆಯ ಮೇಲೆ ಸ್ಟೋಮಾ ಎಂಬ ದ್ವಾರವನ್ನು ನಿರ್ಮಿಸಿದಾಗ, ರೋಗಿಯು ಕಾಯಿಲೆಯ ಭಯದ ಜೊತೆಗೆ ತನ್ನ ದೇಹವೇ ಅಪರಿಚಿತವಾದ ದುಃಖವನ್ನೂ ಹೊರಬೇಕಾಗುತ್ತದೆ. ‘ಜೀವ ಉಳಿಯಿತಲ್ಲ, ಇನ್ನೇಕೆ ಅಳು’ ಎಂದು ಮನೆಯವರು ಆ ದುಃಖವನ್ನು ದಯವಿಟ್ಟು ಅದುಮಬಾರದು. ಸಾಧ್ಯವಾದರೆ ಆಪ್ತಸಮಾಲೋಚನೆಯು ಶಸ್ತ್ರಚಿಕಿತ್ಸೆಗೆ ಮೊದಲೇ ಆರಂಭವಾಗಲಿ.

ಸ್ಟೋಮಾವನ್ನು ಮೊದಲ ಬಾರಿ ನೋಡುವ ಗಳಿಗೆ ಬಹಳ ಕಠಿಣವಾದುದು. ಅವಸರ ಬೇಡ. ಮೊದಲು ದಾದಿಯು, ಮಲಮೂತ್ರ ಸಂಗ್ರಹವಾಗಲು ಸ್ಟೋಮಾದ ಮೇಲೆ ಅಂಟಿಸಿರುವ ಚೀಲವನ್ನು ಬದಲಿಸುವುದನ್ನು ನೋಡಿ, ಮರುದಿನ ಒರೆಸುವ ಬಟ್ಟೆಯನ್ನಷ್ಟೇ ಹಿಡಿದು, ಹೀಗೆ ಒಂದೊಂದೇ ಹೆಜ್ಜೆಯಾಗಿ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಸ್ಟೋಮಾ ಕೆಂಪಾಗಿ ತೇವವಾಗಿರುವುದು ಆರೋಗ್ಯದ ಲಕ್ಷಣ. ಅದರಲ್ಲಿ ನೋವಿನ ನರಗಳಿಲ್ಲದ ಕಾರಣ ಮುಟ್ಟಿದರೆ ನೋಯುವುದಿಲ್ಲ. ಮೊದಲ 6ರಿಂದ 8 ವಾರಗಳಲ್ಲಿ ಅದರ ಊತ ಇಳಿದು ಗಾತ್ರ ಕುಗ್ಗುತ್ತದೆ. ಚೀಲವನ್ನು ತಾನೇ ಬದಲಿಸಲು ಕಲಿತವರಲ್ಲಿ ಆತ್ಮವಿಶ್ವಾಸ ಬೇಗ ಮರಳುತ್ತದೆ ಎಂಬುದರಿಂದ, ಪ್ರೀತಿಯಿಂದಲೇ ಆದರೂ ಎಲ್ಲವನ್ನೂ ಇತರರೇ ಮಾಡಿಕೊಡುವುದು ಸರಿಯಲ್ಲ.

ಸೋರಿಕೆ ಮತ್ತು ವಾಸನೆಯ ಅಂಜಿಕೆಯೇ ಅನೇಕರನ್ನು ಮನೆಯೊಳಗೆ ಕೂರಿಸುತ್ತದೆ. ಮೂರನೇ ಒಂದು ಭಾಗದಿಂದ ಅರ್ಧದಷ್ಟು ತುಂಬುವಾಗಲೇ ಚೀಲವನ್ನು ಖಾಲಿ ಮಾಡಿ, ಬದಲಿ ಸಾಮಗ್ರಿಗಳನ್ನು ಜೊತೆಗಿಟ್ಟುಕೊಂಡು, ಮೊದಲಿಗೆ ಹತ್ತಿರದ ಸ್ಥಳಗಳಿಗೆ ಹೋಗಿಬರುವುದು ಒಳ್ಳೆಯದು.

ದಾಂಪತ್ಯದ ವಿಷಯವನ್ನು ರೋಗಿ ಸಂಕೋಚದಿಂದ ಕೇಳದೇ ಹೋಗಬಹುದಾದ್ದರಿಂದ ಸಮಾಲೋಚಕರೇ ಅದನ್ನು ಎತ್ತಬೇಕು, ಸಂಗಾತಿಯನ್ನೂ ಕರೆದು ಮಾತನಾಡಿಸಬೇಕು. ಸ್ಟೋಮಾದೊಂದಿಗೆ ವರ್ಷಗಳಿಂದ ಬದುಕುತ್ತಿರುವವರೊಬ್ಬರ ಭೇಟಿಯೂ ದೊಡ್ಡ ಆಸರೆ.

ಕುಗ್ಗಿದ ಮನಸ್ಸು, ನಿದ್ರಾಹೀನತೆ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು 2 ವಾರ ಮೀರಿದರೆ ಮನೋವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯದೆ, ಆ ಕ್ಷಣವೇ.