ಕೊಕೆಶಿ ಬೊಂಬೆಗೆ ಹೆಯಾನ್ ಅರಮನೆಯ ಉಡುಗೆ

ಜಪಾನಿನ ತೊಹೊಕು ಪ್ರಾಂತ್ಯದ ಬಿಸಿನೀರ ಬುಗ್ಗೆಗಳ ಊರುಗಳಲ್ಲಿ ಹುಟ್ಟಿದ ಕೊಕೆಶಿ ಬೊಂಬೆಗೆ ಕೈಕಾಲಿಲ್ಲ. ದುಂಡು ತಲೆ, ಕೊರಡಿನಂಥ ಮೈ, ಅಷ್ಟೇ. ಹೆಯಾನ್ ಯುಗದ (794–1185) ಅರಮನೆಯ ಸ್ತ್ರೀಯರು ಪದರಪದರವಾಗಿ ಉಡುತ್ತಿದ್ದ ಜೂನಿಹಿತೊಎ ಎಂಬ ಉಡುಗೆ ಕೂಡ ಕೈಕಾಲುಗಳನ್ನು ಮರೆಮಾಡುವಂಥದ್ದು. ಈ ಎರಡರ ಜೋಡಿ ಅಷ್ಟು ಚೆನ್ನಾಗಿ ಒಪ್ಪುವುದು ಅದಕ್ಕೇ.

ಕೊಕೆಶಿ ಕಡೆಯಲು ಜಪಾನಿನಲ್ಲಿ ಹೆಚ್ಚಾಗಿ ಬಳಸುವುದು ಮಿಜುಕಿ ಎಂಬ ಬಿಳಿ ಮರ. ತೊಗಟೆ ಸುಲಿದು ತಿಂಗಳುಗಟ್ಟಲೆ ಒಣಗಿಸಿದ ಮೇಲೆಯೇ ಅದನ್ನು ಲೇತ್‌ಗೆ ಹಾಕುತ್ತಾರೆ. ನಮ್ಮಲ್ಲಿ ಚನ್ನಪಟ್ಟಣದ ಬೊಂಬೆಗಳ ಆಲೆ ಮರವೂ ಬೆಳ್ಳಗೆ, ನುಣುಪಾಗಿರುತ್ತದೆ. ಅರಗು ಹಚ್ಚದ, ಸುಮಾರು 15 ಸೆಂಟಿಮೀಟರ್ ಎತ್ತರದ ಬೊಂಬೆಯನ್ನು ಕಡೆಸಿಕೊಳ್ಳಿ. ಮರದ ಎಳೆಯ ದಿಕ್ಕಿನಲ್ಲೇ ಮರಳು ಕಾಗದದಿಂದ ಉಜ್ಜಿ, ದೂಳು ಒರೆಸಿ.

ಈಗ ಕತ್ತುಪಟ್ಟಿ. ಬೊಂಬೆಯ ಜೀವ ಇರುವುದು ಇಲ್ಲೇ, ಅವಸರ ಬೇಡ. ಮೊದಲು ಪೆನ್ಸಿಲ್‌ನಿಂದ ಎದೆಯ ಮೇಲೆ ಅಡ್ಡಹಾಯುವ ಗೆರೆಗಳನ್ನು ಗುರುತು ಮಾಡಿ. ಬೊಂಬೆಯ ಎಡಭಾಗದ ಅಂಚು ಬಲಭಾಗದ ಮೇಲೆ ಬರಲೇಬೇಕು. ಜಪಾನಿನಲ್ಲಿ ಬಲ ಮೇಲಾಗಿ ಉಡಿಸುವುದು ಶವಕ್ಕೆ ಮಾತ್ರ.

ಹೆಯಾನ್ ಸ್ತ್ರೀಯರು ಋತುವಿಗೆ ತಕ್ಕಂತೆ ಪದರಗಳ ಬಣ್ಣ ಹೊಂದಿಸುತ್ತಿದ್ದರು. ನನಗೆ ಬಹಳ ಇಷ್ಟವಾದದ್ದು ಕೆಂಪು ಪ್ಲಮ್ ಹೂವಿನ ಜೋಡಣೆ: ಹೊರಗಿನ ಪದರ ತಿಳಿಗೆಂಪು, ಒಳಗೊಳಗೆ ಹೋದಂತೆ ಗಾಢ, ಎಲ್ಲಕ್ಕಿಂತ ಒಳಗೆ ಒಂದೇ ಒಂದು ಹಸಿರು ಅಂಚು. ಒಂದೇ ಕೆಂಪು ಅಕ್ರಿಲಿಕ್ ಬಣ್ಣಕ್ಕೆ ಸ್ವಲ್ಪಸ್ವಲ್ಪವೇ ಬಿಳಿ ಬೆರೆಸಿ ಐದು ಛಾಯೆ ಮಾಡಿಕೊಳ್ಳಿ. ಒಳಗಿನ ಹಸಿರಿನಿಂದ ಆರಂಭಿಸಿ, ಒಂದು ಪದರ ಒಣಗಿದ ನಂತರವೇ ಮುಂದಿನದನ್ನು ಬಳಿಯಿರಿ. ಬಣ್ಣ ನೀರಾಗಿದ್ದರೆ ಮರದ ಎಳೆ ಹಿಡಿದು ಹರಡುತ್ತದೆ, ಗಟ್ಟಿಯಾಗಿಯೇ ಇರಲಿ. ಮೇಲುಡುಗೆಗೆ ನಿಮಗಿಷ್ಟದ ಬಣ್ಣ ತುಂಬಿ. ಬುಡದಲ್ಲಿ ಹಕಾಮಾ ಷರಾಯಿಯ ಕಡುಗೆಂಪು ಸ್ವಲ್ಪ ಇಣುಕಲಿ.

ಕೂದಲು ಕಪ್ಪು. ನಡುಬೈತಲೆ ತೆಗೆದು ಬೆನ್ನಿನುದ್ದಕ್ಕೂ ನೇರವಾಗಿ ಇಳಿಬಿಡಿ. ಜಡೆ, ತುರುಬು ಬೇಡ. ಆ ಸ್ತ್ರೀಯರು ಹುಬ್ಬು ಕಿತ್ತು ಹಣೆಯ ಮೇಲೆ ಮಸಿಯಿಂದ ತಿದ್ದಿಕೊಳ್ಳುತ್ತಿದ್ದರು, ಆದ್ದರಿಂದ ಹುಬ್ಬು ಎತ್ತರದಲ್ಲಿರಲಿ. ಕಣ್ಣಿಗೆ ತೆಳುವಾದ ಒಂದೊಂದು ಗೆರೆ, ಮೂಗಿಗೆ ಸಣ್ಣ ಕೊಕ್ಕೆ, ತುಟಿಗೆ ಕೆಂಪು ಚುಕ್ಕೆ ಸಾಕು. ಆ ಕಾಲದ ಚಿತ್ರಸುರುಳಿಗಳಲ್ಲೂ ಮುಖ ಹೀಗೆಯೇ. ಕಣ್ಣು ದೊಡ್ಡದು ಮಾಡುವ ಆಸೆಯನ್ನು ತಡೆದುಕೊಳ್ಳಿ.

ಒಂದು ದಿನ ಒಣಗಲು ಬಿಟ್ಟು, ಮೃದುವಾದ ಬಟ್ಟೆಯಿಂದ ಮೇಣವನ್ನು ತೆಳುವಾಗಿ ಸವರಿ ಉಜ್ಜಿ. ಬಿಸಿಲು ಬೀಳದ ಕಡೆ ಇಡಿ, ಬಣ್ಣ ಮಾಸುವುದಿಲ್ಲ.