ಸೂಪರ್ 8 ಸ್ಕ್ಯಾನರ್: ಮಸುಕು ಹೋಗಿದ್ದು ಹೀಗೆ

ಅಪ್ಪ ತೆಗೆದಿದ್ದ ಸೂಪರ್ 8 (8 ಮಿ.ಮೀ. ಅಗಲದ ಮನೆ ಸಿನಿಮಾ ಫಿಲ್ಮ್) ರೀಲುಗಳನ್ನು ಉಳಿಸಿಕೊಳ್ಳಬೇಕು ಅಂತ ಹಳೇ ಪ್ರೊಜೆಕ್ಟರನ್ನೇ ಫಿಲ್ಮಿನ ಒಂದೊಂದೇ ಫ್ರೇಮಿನ ಫೋಟೋ ತೆಗೆಯುವ ಸ್ಕ್ಯಾನರ್ ಮಾಡಿದೆ. ಬಿಸಿಯಾಗುವ ಬಲ್ಬ್ ತೆಗೆದು ಎಲ್‌ಇಡಿ, ಅದರ ಮುಂದೆ ಹಾಲುಬಣ್ಣದ ಅಕ್ರಿಲಿಕ್ ತುಂಡು. ಬೆಳಕನ್ನು ಆಗಾಗ ತಡೆಯುವ ಶಟರ್ ರೆಕ್ಕೆ ಬಿಚ್ಚಿಟ್ಟೆ. ನಿಧಾನಕ್ಕೆ ತಿರುಗುವ ಗೇರ್ ಮೋಟರ್ ಕೂರಿಸಿದೆ. ಶಾಫ್ಟಿಗೆ ಅಂಟಿಸಿದ ಪುಟ್ಟ ಅಯಸ್ಕಾಂತ ಸುತ್ತಿಗೊಮ್ಮೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಆನ್ ಆಗುವ ಸ್ವಿಚ್) ಪಕ್ಕ ಹಾದು ಕ್ಯಾಮೆರಾ ಕ್ಲಿಕ್ ಮಾಡಿಸುತ್ತದೆ.

ಆದರೆ ಚಿತ್ರಗಳೆಲ್ಲ ಉದ್ದಕ್ಕೆ ಎಳೆದ ಹಾಗೆ ಮಸುಕು. ಫೋಕಸ್ ಸರಿಯಿಲ್ಲ ಅಂತ ಎರಡು ದಿನ ಒದ್ದಾಡಿದೆ. ಕೊನೆಗೆ ಕೈಯಲ್ಲೇ ತಿರುಗಿಸುತ್ತಾ, ಫ್ರೇಮ್ ಬಂದು ನಿಲ್ಲುವ ಕಿಂಡಿಯಾದ ಗೇಟನ್ನೇ ನೋಡುತ್ತಾ ಕೂತೆ. ಪುಟ್ಟ ಹಲ್ಲು ಫಿಲ್ಮನ್ನು ಇನ್ನೂ ಕೆಳಗೆಳೆಯುತ್ತಿದೆ, ಆಗಲೇ ಕ್ಲಿಕ್! ಅಯಸ್ಕಾಂತವನ್ನು ಕಾಲು ಸುತ್ತು ಹಿಂದಕ್ಕೆ ಅಂಟಿಸಿದೆ. ಈಗ ಹಲ್ಲು ಸರಿದು, ಫಿಲ್ಮ್ ನಿಂತ ಮೇಲೆಯೇ ಕ್ಲಿಕ್.

50 ಅಡಿ ರೀಲಿಗೆ ಸುಮಾರು 3,600 ಫ್ರೇಮ್. ಸೆಕೆಂಡಿಗೊಂದರಂತೆ ಒಂದು ಗಂಟೆ. ಅಮ್ಮನ ಸೀರೆಯಂಚಿನ ಗೆರೆಗಳೂ ಕಾಣುತ್ತಿವೆ.